ಮೋಟಾರಿಗೆ ಬೆನ್ನು ತಿರುಗಿಸಿ ನಿಂತವರು

ಆಗ ನನಗೆ ಇಪ್ಪತ್ತೆಂಟು. ಐವತ್ತೈದು ವರ್ಷದ ಹಿಂದಿನ ಮಾತು. ಈಗ ನನಗೆಷ್ಟಾಯಿತು ಅಂತ ಬೇಕಾದವರು ಕೂಡಿಸಿಕೊಳ್ಳಲಿ, ನನಗೆ ಕೂಡಿಸಿ ಬೇಸರವಾಗಿದೆ. ಮೂರನೇ ಇಯತ್ತೆಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಬರೆಯುವುದು ನಿಧಾನ. ಅದಕ್ಕೆ ಇದೊಂದೇ ಸಂಗತಿ ಬರೆಯುತ್ತೇನೆ.

ನಮ್ಮ ಮನೆ ಮುದ್ದೇಬಿಹಾಳದ ಅಂಚಿನಲ್ಲಿತ್ತು. ಓಣಿಯ ಬಾಯಿಗೆ ದೊಡ್ಡ ರಸ್ತೆ. ರಸ್ತೆಯ ಈಚೆ ಮನೆಗಳು, ಆಚೆ ಬಾವಿ. ಕಟ್ಟಿದವರಿಗೆ ಬುದ್ಧಿ ಇರಲಿಲ್ಲ ಅನ್ನಬೇಡಿ. ಅವರು ಕಟ್ಟಿದ ಕಾಲಕ್ಕೆ ಆ ಹಾದಿಯಲ್ಲಿ ಹೋಗುತ್ತಿದ್ದದ್ದು ಚಕ್ಕಡಿ, ದನ, ಕುರಿ. ಎತ್ತಿನ ಮುಂದೆ ಮನುಷ್ಯ ನಿಂತರೆ ಎತ್ತು ತಾನಾಗಿ ನಿಲ್ಲುತ್ತದೆ. ಚಕ್ಕಡಿ ಹೊಡೆಯುವವನು ನಿದ್ದೆ ಮಾಡುತ್ತಿದ್ದರೂ ನಿಲ್ಲುತ್ತದೆ.

ನಾವು ಸೊಸೆಯಂದಿರು ಹಿರಿಯರ ಎದುರಿಗೆ ಹಾದಿ ದಾಟುತ್ತಿರಲಿಲ್ಲ. ಮಾವ, ಭಾವ, ಊರಿನ ನಾಲ್ಕು ದೊಡ್ಡವರು ಯಾರೇ ಎದುರು ಬಂದರೂ ಇದ್ದಲ್ಲೇ ನಿಂತು, ಅವರಿಗೆ ಬೆನ್ನು ತಿರುಗಿಸಿ, ಸೆರಗನ್ನು ಮೂಗಿನ ತನಕ ಎಳೆದುಕೊಳ್ಳಬೇಕು. ಅವರು ದಾಟಿ ಹೋದ ಮೇಲೆ ಮುಂದಿನ ಹೆಜ್ಜೆ. ತಲೆಯ ಮೇಲೆ ಎರಡು ಕೊಡ ಇರಲಿ, ಬಗಲಲ್ಲಿ ಕೂಸಿರಲಿ, ಕಾಲಲ್ಲಿ ಮುಳ್ಳು ಮುರಿದಿರಲಿ. ನಾನು ಹದಿನಾರಕ್ಕೆ ಆ ಮನೆಗೆ ಬಂದವಳು. ಹನ್ನೆರಡು ವರ್ಷದಲ್ಲಿ ನನ್ನ ಮಾವನ ಮುಖವನ್ನು ಸರಿಯಾಗಿ ನೋಡಿದ್ದೇ ಇಲ್ಲ. ಅವರ ಚಪ್ಪಲಿಯ ಸಪ್ಪಳ ಗೊತ್ತಿತ್ತು, ಕೆಮ್ಮು ಗೊತ್ತಿತ್ತು, ಕೆಂಪು ರುಮಾಲು ಗೊತ್ತಿತ್ತು.

ಆ ವರ್ಷ ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಬಿತ್ತು. ಖಡಿಯ ಮೇಲೆ ಡಾಂಬರು ಬಿತ್ತು. ಡಬ್ಬಿಗಾಲಿಯ ಯಂತ್ರ ಬಂದು ಹದಿನೈದು ದಿನ ಉರುಳಾಡಿ ಹೋಯಿತು. ಮೊದಲು ದಿನಕ್ಕೆ ಒಂದೋ ಎರಡೋ ಮೋಟಾರು ಬರುತ್ತಿದ್ದವು, ಅವೂ ತಗ್ಗು ದಿನ್ನೆಯಲ್ಲಿ ಎತ್ತಿನಂತೆಯೇ ಬರುತ್ತಿದ್ದವು. ಡಾಂಬರು ಬಿದ್ದ ಮೇಲೆ ಲಾರಿಗಳು ಶುರುವಾದವು. ಮುಂಜಾನೆ ನಾವು ನೀರಿಗೆ ಹೋಗುವ ಹೊತ್ತಿಗೇ ಬಾಗೇವಾಡಿಯ ಮೋಟಾರು. ಬೇವಿನ ಮರದ ಹತ್ತಿರ ರಸ್ತೆ ಹೊರಳುತ್ತಿತ್ತು. ಹೊರಳಿದ ಮೇಲೇ ಮೋಟಾರು ಕಾಣುವುದು, ಕಂಡ ಕೂಡಲೇ ಮೈಮೇಲೆ.

ಆ ಮೋಟಾರಿನಲ್ಲಿ ನಮ್ಮ ಮಾವ ಇರುತ್ತಿದ್ದರು. ವಾರಕ್ಕೆ ಒಂದು ಸಲ, ಕೆಲವು ವಾರ ಎರಡು ಸಲ. ಬಾಗೇವಾಡಿಯ ಕಡೆಯ ಊರುಗಳಲ್ಲಿ ಅವರಿಗೆ ಬೀಗರು ಬಹಳ. ಯಾರ ಮದುವೆಯ ಮಾತಿರಲಿ, ಯಾರ ಮನೆ ಒಡೆಯುವ ಜಗಳವಿರಲಿ, ಅವರು ಹೋಗಲೇಬೇಕು. ಮೋಟಾರು ನಮ್ಮ ಓಣಿಯ ಬಾಯಿಗೇ ಬರುತ್ತಿದ್ದರೂ ಅವರು ಬಜಾರದ ಸ್ಟ್ಯಾಂಡಿನ ತನಕ ನಡೆದು ಹೋಗಿ ಹತ್ತುತ್ತಿದ್ದರು. ಯಾಕೆ ಅಂದರೆ ಡ್ರೈವರನ ಪಕ್ಕದ ಸೀಟು ಬೇಕು. ಅಲ್ಲಿ ಕುಳಿತರೆ ರಸ್ತೆ ಕಾಣುತ್ತದೆ, ರಸ್ತೆಯವರಿಗೆ ಅವರೂ ಕಾಣುತ್ತಾರೆ.

ಓಣಿಯ ಉಳಿದ ಸೊಸೆಯಂದಿರ ಮಾವಂದಿರೂ ಹಾಗೆಯೇ ಓಡಾಡುತ್ತಿದ್ದರು. ಒಳಗೆ ಯಾರು ಕುಳಿತಿದ್ದಾರೆ ಅಂತ ಹೊರಗಿನವರಿಗೆ ತಿಳಿಯುವುದು ಹೇಗೆ? ಮುಂಜಾನೆಯ ಬಿಸಿಲು ಗಾಜಿಗೆ ಹೊಡೆಯುತ್ತಿತ್ತು. ಅದಕ್ಕೆ ನಾವೊಂದು ಸುಲಭದ ಹಾದಿ ಮಾಡಿಕೊಂಡೆವು. ಮೋಟಾರು ಬಂತು ಅಂದರೆ ಒಳಗೆ ಹಿರಿಯರು ಇದ್ದೇ ಇರುತ್ತಾರೆ ಅಂತ ತಿಳಿದು, ಇದ್ದಲ್ಲೇ ನಿಂತು ಬೆನ್ನು ತಿರುಗಿಸಿಬಿಡುವುದು. ರಸ್ತೆಯ ಅಂಚಿಗಿದ್ದರೆ ಅಂಚಿಗೆ, ನಡುವೆ ಇದ್ದರೆ ನಡುವೆ. ಹೀಗೆ ಯಾರೂ ಕೂತು ಮಾತಾಡಿ ನಿಶ್ಚಯ ಮಾಡಲಿಲ್ಲ. ಒಬ್ಬಳು ಮಾಡಿದಳು, ಹತ್ತು ಜನ ಮಾಡಿದರು. ಒಂದು ತಿಂಗಳಲ್ಲಿ ಅದು ಅಜ್ಜಿಯರ ಕಾಲದಿಂದ ಬಂದದ್ದರ ಹಾಗೆ ಆಗಿಬಿಟ್ಟಿತು.

ಆ ಮೋಟಾರಿನ ಡ್ರೈವರ್ ನಮ್ಮ ಪಕ್ಕದ ಓಣಿಯ ಮುಸಲ್ಮಾನರ ಮನೆಯವನು. ಅವನ ಹೆಂಡತಿಯೂ ನಾನೂ ಒಂದೇ ಬಾವಿಗೆ ಹಗ್ಗ ಬಿಡುತ್ತಿದ್ದೆವು. ಒಂದು ದಿನ ಆಕೆ ಹಗ್ಗ ಎಳೆಯುತ್ತಾ ಅಂದಳು:

"ಯಕ್ಕಾ, ನಮ್ಮನಿಯವರು ದಿನಾ ಊಟ ಬಿಟ್ಟ ಏಳಾಕತ್ತಾರ ನೋಡ."

"ಯಾಕವ್ವಾ, ಪಲ್ಯಾಕ ಉಪ್ಪ ಹೆಚ್ಚ ಹಾಕ್ತೀ ಏನ?"

"ಉಪ್ಪ ಅಲ್ಲ, ನೀವು. ಹಾರ್ನ್ ಹೊಡದ್ರ ಮಂದಿ ಸರಿತಾರ, ಇವ್ರು ನಿಂತ ಬಿಡ್ತಾರಲ್ಲ ಅಂತಾರ. ಎಷ್ಟ ಹೊಡದ್ರ ಅಷ್ಟ ಗಟ್ಟಿ ನಿಲ್ತಾರ ಅಂತ."

"ಹಾರ್ನ್ ಹೊಡದ್ರ ಒಳಗ ಹಿರ್ಯಾರ ಅದಾರಂತ ತಿಳೀತೇವಿ ನಾವು," ಅಂದೆ.

ಆಕೆ ನಕ್ಕಳು. ನಾನೂ ನಕ್ಕೆ. ಅದು ನಗುವ ಮಾತೇ ಆಗಿತ್ತು ಆಗ.

ಡ್ರೈವರ್ ಒಂದು ಸಂಜೆ ಕಟ್ಟೆಗೆ ಬಂದು ಹಿರಿಯರ ಮುಂದೆ ಕೈಮುಗಿದು ನಿಂತ. ನಮ್ಮ ಮನೆಯ ಕಿಟಕಿಯ ಕೆಳಗೇ ಆ ಕಟ್ಟೆ, ಎಲ್ಲವೂ ಕೇಳುತ್ತಿತ್ತು.

"ಹಿರ್ಯಾರ, ಹೆಣ್ಮಕ್ಕಳಿಗೆ ಒಂದ ಮಾತ ಹೇಳ್ರಿ. ಮೋಟಾರ ಬಂದ್ರ ಸರ್ಕೋರಿ ಅನ್ರಿ. ಬ್ರೇಕ್ ಅಂದ್ರ ಎತ್ತಿನ ಹಗ್ಗ ಅಲ್ರಿ ಅದು, ಜಗ್ಗಿದ ಕೂಡ್ಲೇ ನಿಲ್ಲಂಗಿಲ್ಲ."

ನಮ್ಮ ಮಾವ ಅಂದರು: "ಅಂದ್ರ ನಿನ್ನ ಮೋಟಾರಕ್ಕ ನಮ್ಮ ಸೊಸ್ತೇರು ಮರ್ಯಾದಿ ಬಿಡಬೇಕೇನೋ ತಮ್ಮಾ?"

"ಮರ್ಯಾದಿ ಮನ್ಯಾಗ ಇಟ್ಟ ಬರಲಿ ಅಂದೆ ಅಷ್ಟರಿ."

"ಮನ್ಯಾಗ ಇಟ್ಟ ಬರಾಕ ಅದೇನ ಒನಕಿ ಏನೋ?" ಅಂದರು ಇನ್ನೊಬ್ಬರು. ಕಟ್ಟೆಯೆಲ್ಲ ನಕ್ಕಿತು. ಡ್ರೈವರ್ ತಿರುಗಿ ಹೋದ.

ಆ ಮೇಲೆ ಹವಾಲ್ದಾರ ಬಂದ. ಯಾರು ಹೇಳಿ ಕಳಿಸಿದರೋ ತಿಳಿಯದು. ಬೇವಿನ ಮರಕ್ಕೆ ಒಂದು ಹಲಗೆ ಹೊಡೆಸಿದ. "ಸಾವಕಾಶ ಹೋಗಿರಿ" ಅಂತ ಬರೆದಿತ್ತು. ಓಣಿಯ ಹೆಂಗಸರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ, ಅದೂ ಅಕ್ಷರ ಕೂಡಿಸಿ ಕೂಡಿಸಿ. ಓದಿ ಹೇಳಿದೆ. ಒಬ್ಬಳು, "ನಾವು ಸಾವಕಾಶನ ಹೊಂಟೇವಲ್ಲ," ಅಂದಳು. ನಾಲ್ಕು ದಿನ ಹವಾಲ್ದಾರ ಸೀಟಿ ಹಿಡಿದು ಅಲ್ಲೇ ನಿಂತು ನೋಡಿದ. ಮೋಟಾರು ಬಂತೆಂದರೆ ಸೀಟಿ ಊದಿ ನಮಗೆ ಕೈ ಮಾಡುತ್ತಿದ್ದ. ಪರ ಗಂಡಸು ಸೀಟಿ ಊದಿ ಕೈ ಮಾಡಿದರೆ ಹೆಂಗಸರು ಏನು ಮಾಡುತ್ತಾರೆ? ಅವನಿಗೂ ಬೆನ್ನು ತಿರುಗಿಸಿದೆವು. ಐದನೆಯ ದಿನ ಅವನು ಬರಲಿಲ್ಲ. ಹಲಗೆಗೆ ಆಡು ಮೈ ತಿಕ್ಕಿ ತಿಕ್ಕಿ ಒಂದು ಮೊಳೆ ಕಿತ್ತು ಓರೆಯಾಯಿತು.

ನನ್ನ ನೆಗೆಣ್ಣಿಯ ವಿಷಯಕ್ಕೆ ಬರುತ್ತೇನೆ. ಗಂಡನ ತಮ್ಮನ ಹೆಂಡತಿ ಆಕೆ. ಹತ್ತೊಂಬತ್ತು ವರ್ಷ. ಕನ್ನೊಳ್ಳಿಯಿಂದ ಬಂದವಳು, ಮನೆಗೆ ಬಂದು ಎರಡು ವರ್ಷ. ಕೆಲಸಕ್ಕೆ ಗಟ್ಟಿ, ಬಾಯಿಗೂ ಗಟ್ಟಿ. ತಲೆಯ ಮೇಲೆ ತಾಮ್ರದ ಎರಡು ಕೊಡ ಇಟ್ಟು ಒಂದೂ ಹನಿ ತುಳುಕದಂತೆ ನಡೆಯುತ್ತಿದ್ದಳು. ನಾನು ಒಂದೇ ಕೊಡ ಹೊರುತ್ತಿದ್ದೆ. "ಯಕ್ಕಾ, ನಿನ್ನ ವಯಸ್ಸಿಗೆ ಒಂದ ಸಾಕ ಬಿಡು," ಅನ್ನುತ್ತಿದ್ದಳು. ನನಗೆ ಇಪ್ಪತ್ತೆಂಟು.

ಚಳಿಗಾಲ. ಜೋಳದ ತೆನೆ ಹಾಲುಗಟ್ಟುವ ದಿನಗಳು. ಮುಂಜಾನೆ ಬಾವಿಯಿಂದ ತುಂಬಿದ ಕೊಡ ಹೊತ್ತು ಬರುತ್ತಿದ್ದೆವು. ಆಕೆ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಆಕೆ ರಸ್ತೆಯ ಅರ್ಧಕ್ಕೆ ಹೋಗಿದ್ದಳು. ಬೇವಿನ ಮರದ ಕಡೆ ಹಾರ್ನ್ ಕೇಳಿತು. ಇನ್ನು ಐದು ಹೆಜ್ಜೆ ಹಾಕಿದ್ದರೆ ಓಣಿಯ ಕಡೆ ಸೇರುತ್ತಿದ್ದಳು.

"ಓಡ!" ಅಂತ ಕೂಗಿದೆ.

ಆಕೆ ತಿರುಗಿ ನೋಡಿದಳು. ಅಂದು ಮೋಡ ಇತ್ತು, ಗಾಜಿನ ಮೇಲೆ ಬಿಸಿಲಿರಲಿಲ್ಲ. ಮುಂದಿನ ಸೀಟಿನಲ್ಲಿ ಕೆಂಪು ರುಮಾಲು ಚಂದಾಗಿ ಕಂಡಿತು. ನನಗೂ ಕಂಡಿತು. ಆಕೆ ನಿಂತಳು. ಒಂದು ಕೈಯಲ್ಲಿ ಕೊಡ ಹಿಡಿದು, ಇನ್ನೊಂದು ಕೈಯಿಂದ ಸೆರಗು ಎಳೆದುಕೊಂಡು, ಬೆನ್ನು ತಿರುಗಿಸಿದಳು.

ಡ್ರೈವರ್ ಬ್ರೇಕ್ ಹಾಕಿದ. ಹಾಕಲಿಲ್ಲ ಅಂತ ಆಮೇಲೆ ಅಂದವರು ಅಲ್ಲಿರಲಿಲ್ಲ, ನಾನಿದ್ದೆ. ಗಾಲಿ ಕಿರುಚಿದ್ದು ಬಾವಿಯ ತನಕ ಕೇಳಿತು. ಮೋಟಾರು ಓರೆಯಾಯಿತು, ಆಕೆಯ ಮೈಗೆ ಹೊಡೆಯಲಿಲ್ಲ, ಪಕ್ಕಕ್ಕೆ ಕೆಡವಿತು. ಮುಂದಿನ ಗಾಲಿ ಎಡಗಾಲಿನ ಪಾದದ ಮೇಲೆ ಹೋಯಿತು. ಒಂದು ಕೊಡ ಗಾಲಿಯ ಕೆಳಗೆ ಸಿಕ್ಕು ರೊಟ್ಟಿಯಾಯಿತು. ಇನ್ನೊಂದು ಉರುಳಿ ಗಟಾರಕ್ಕೆ ಹೋಯಿತು.

ಮಾವ ಇಳಿದು ಬಂದರು. ಎರಡು ಹೆಜ್ಜೆ ದೂರದಲ್ಲಿ ನಿಂತರು. ಮಾವನಾದವನು ಸೊಸೆಯನ್ನು ಮುಟ್ಟುವಂತಿಲ್ಲ. ನೆಲದ ಮೇಲೆ ಬಿದ್ದವಳು ಕಾಲು ಹಿಡಿದುಕೊಳ್ಳುವ ಬದಲು ಸೆರಗು ಹುಡುಕುತ್ತಿದ್ದಳು. ಸಿಕ್ಕಿತು, ಮುಖ ಮುಚ್ಚಿಕೊಂಡಳು. ಅದನ್ನು ನೋಡಿ ಮಾವನೂ ಅವಳಿಗೆ ಬೆನ್ನು ತಿರುಗಿಸಿ ನಿಂತರು. ಅವಳಿಗೆ ನಾಚಿಕೆಯಾಗದಿರಲಿ ಅಂತ. ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ರಕ್ತ ಹರಿಯುತ್ತಿತ್ತು.

ಡ್ರೈವರ್ ಬಂದು ಆಕೆಯನ್ನು ಎತ್ತಿಕೊಂಡ. "ಹಿಡೀರಿ ಯಕ್ಕಾ, ಕಾಲ ಹಿಡೀರಿ," ಅಂದ ನನಗೆ. ನಾನು ನನ್ನ ಕೊಡ ರಸ್ತೆಯ ಮೇಲೆ ಇಳಿಸಿ ಕಾಲು ಹಿಡಿದೆ. ಮೋಟಾರನ್ನು ಹಿಂದಕ್ಕೆ ತಿರುಗಿಸಿ ದವಾಖಾನೆಗೆ ಒಯ್ದರು. ಒಳಗಿದ್ದ ಮಂದಿ ಯಾರೂ ಗೊಣಗಲಿಲ್ಲ. ನನ್ನ ಕೊಡ ರಸ್ತೆಯ ನಡುವೆಯೇ ಉಳಿಯಿತು. ತಿರುಗಿ ಬಂದಾಗ ಅಲ್ಲೇ ಇತ್ತು, ಹಿಂದೆ ಬಂದ ಲಾರಿಯವರೆಲ್ಲ ಅದನ್ನು ಬಳಸಿಕೊಂಡು ಹೋಗಿದ್ದರು. ಕೊಡವನ್ನು ಬಳಸಿ ಹೋಗಲು ಬರುತ್ತದೆ ಮಂದಿಗೆ.

ಎಡಗಾಲಿನ ಮುಂಭಾಗ ತೆಗೆದರು. ಬೆರಳು ಒಂದೂ ಉಳಿಯಲಿಲ್ಲ. ಎರಡೂವರೆ ತಿಂಗಳ ಮೇಲೆ ಆಕೆ ಕೋಲು ಹಿಡಿದು ಅಂಗಳದಲ್ಲಿ ನಡೆಯತೊಡಗಿದಳು. ಅಷ್ಟರಲ್ಲಿ ಆ ಡ್ರೈವರನನ್ನು ಬೇರೆ ಹಾದಿಗೆ ಹಾಕಿದ್ದರು. ಹೊಸದಾಗಿ ಬಂದವನಿಗೆ ನಮ್ಮ ಓಣಿಯೂ ಗೊತ್ತಿಲ್ಲ, ನಮ್ಮ ಬೆನ್ನೂ ಗೊತ್ತಿಲ್ಲ. ಬೇವಿನ ಮರದ ಹತ್ತಿರ ಹೊರಳಿ ಬಾಣದಂತೆ ಬರುತ್ತಿದ್ದ.

ಮತ್ತೆ ಹೆಂಗಸರು? ಮೊದಲಿನ ಹಾಗೆಯೇ ನಿಲ್ಲುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ಅದನ್ನು ಮುಚ್ಚಿಡುವುದೇನು! ಕಣ್ಣೆದುರು ಕಾಲು ಹೋದದ್ದನ್ನು ನೋಡಿದವಳು ನಾನು, ಆದರೂ ಮರುವಾರ ಮೋಟಾರು ಬಂದಾಗ ಕೈ ತಾನಾಗಿ ಸೆರಗಿಗೆ ಹೋಯಿತು, ಮೈ ತಾನಾಗಿ ತಿರುಗಿತು. ಹನ್ನೆರಡು ವರ್ಷ ತಿರುಗಿದ ಮೈ ಅದು.

ಆಮೇಲೆ ಒಂದು ಸಂಜೆ ನೆಗೆಣ್ಣಿ ಒಲೆಯ ಮುಂದೆ ಕೂತು ಅಂದಳು: "ಯಕ್ಕಾ, ನಾಳಿಯಿಂದ ನಾನೂ ನೀರಿಗಿ ಬರ್ತೇನಿ. ಒಂದ ಕೊಡ ತರ್ತೇನಿ."

"ಕೂಡ್ರ ಸುಮ್ಮನ. ಕೋಲ ಹಿಡಿತೀಯೋ ಕೊಡ ಹಿಡಿತೀಯೋ?"

"ಮೂರ ತಿಂಗಳಾತು ನೀನೊಬ್ಬಾಕಿನ ಹೊರಾಕತ್ತೀ. ಮಂದಿ ನನ್ನ ಮಹಾರಾಣಿ ಅನ್ನಾಕತ್ತಾರ."

"ಅನ್ನಲಿ. ಮೋಟಾರ ಬಂದ್ರ ಏನ ಮಾಡ್ತೀ?"

ಆಕೆ ತಡಮಾಡದೆ ಅಂದಳು: "ನಿಲ್ತೇನಿ. ಮತ್ತೇನ ಮಾಡ್ಲಿ? ಓಡಾಕಂತೂ ಬರಂಗಿಲ್ಲ ಈಗ."

ಮನೆಯಲ್ಲಿ ಮೂವರು ಗಂಡಸರಿದ್ದರು. ಗಂಡಸರು ನೀರು ಹೊರುತ್ತಿರಲಿಲ್ಲ. ಅದನ್ನು ಕೇಳುವವರೂ ಇರಲಿಲ್ಲ, ನನಗೂ ಕೇಳಬೇಕೆಂದು ಹೊಳೆಯಲಿಲ್ಲ. ಆದರೆ ಆ "ನಿಲ್ತೇನಿ" ಅನ್ನುವ ಮಾತು ಕೇಳಿ ನನಗೆ ಸಾಕಾಯಿತು. ಸಿಟ್ಟಲ್ಲ ಅದು, ದಣಿವು. ಇವಳು ಮತ್ತೆ ನಿಲ್ಲುತ್ತಾಳೆ, ಈ ಸಲ ಪಾದ ಅಲ್ಲ ಜೀವವೇ ಹೋಗುತ್ತದೆ, ಕಾಲು ಹಿಡಿದು ದವಾಖಾನೆಗೆ ಒಯ್ಯುವವಳು ಮತ್ತೆ ನಾನೇ.

ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈ ಒರೆಸಿಕೊಂಡು ಪಡಸಾಲೆಯ ಬಾಗಿಲಿಗೆ ಹೋದೆ. ಮಾವ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅತ್ತೆ ತೀರಿ ಹೋದ ಮೇಲೆ ಅವರಿಗೆ ಏನಾದರೂ ಹೇಳಬೇಕಾದರೆ ನಾವು ಬಾಗಿಲ ಮರೆಯಲ್ಲಿ ನಿಂತು ಗೋಡೆಗೆ ಹೇಳುತ್ತಿದ್ದೆವು, ಅವರು ಕೇಳಿಸಿಕೊಳ್ಳುತ್ತಿದ್ದರು. ನಾನು ಮರೆಯಲ್ಲೇ ನಿಂತೆ, ಆದರೆ ಹೆಸರು ಹಿಡಿದು ಕರೆದ ಹಾಗೆ ನೇರವಾಗಿ ಮಾತಾಡಿಸಿದೆ.

"ಮಾವಾರ, ಇನ್ನ ಮ್ಯಾಲೆ ರಸ್ತಾದಾಗ ನಾವು ಬೆನ್ನ ತಿರಗ್ಸಂಗಿಲ್ಲರಿ."

ಅಡಕತ್ತರಿಯ ಸಪ್ಪಳ ನಿಂತಿತು. "ಯಾರಂದ್ರು?"

"ನಾನ ಅನ್ನಾಕತ್ತೇನ್ರಿ."

"ನಾಕ ಮಂದಿ ಏನಂತಾರ?"

"ನಾಕ ಮಂದಿ ಮೋಟಾರದಾಗ ಕುಂತಿರ್ತಾರ್ರಿ. ಗಾಲಿ ಕೆಳಗ ಬೀಳಾಕೇರು ನಾವು."

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ದನಿ ಇಳಿಸಿ ಕೇಳಿದರು:

"ಅವತ್ತ ಆಕಿ ನನ್ನ ನೋಡಿದ್ಲೇನು?"

"ನೋಡಿದ್ಲರಿ. ಅದಕ್ಕ ನಿಂತ್ಲು."

"ನಾ ಕೈ ಮಾಡಿದ್ನಲ್ಲ. ಹೋಗ ಹೋಗಂತ ಒಳಗಿಂದ ಕೈ ಮಾಡಿದ್ನಿ."

"ಬೆನ್ನಿಗಿ ಕಣ್ಣಿಲ್ಲಲ್ರಿ ಮಾವಾರ."

ಅದನ್ನು ನಾನು ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಬಾಯಿ ಆಗಲೂ ಹಾಗೆಯೇ. ಅವರು ಅಡಕತ್ತರಿ ಕೆಳಗಿಟ್ಟರು. ಆಮೇಲೆ ದೊಡ್ಡ ನ್ಯಾಯ ಬಿಡಿಸುವವರ ಹಾಗೆ ಅಂದರು:

"ಒಂದ ಕೆಲಸ ಮಾಡ್ತೇನಿ. ಇನ್ನ ನಾ ಹಿಂದಿನ ಸೀಟಿನ್ಯಾಗ ಕುಂದರ್ತೇನಿ. ನಿಮಗ ಕಾಣಂಗಿಲ್ಲ, ನೀವು ನಿಲ್ಲೂದ ಬ್ಯಾಡ."

ನನಗೆ ನಗು ಬಂತು, ನಗಲಿಲ್ಲ. ಮುಂದಿನ ಸೀಟು ಬಿಡುವುದು ಅವರಿಗೆ ಸಣ್ಣ ಮಾತಲ್ಲ ಅಂತ ನನಗೂ ಗೊತ್ತಿತ್ತು.

"ನೀವು ಹಿಂದ ಕುಂತ್ರೂ ಅಷ್ಟರಿ, ಮನ್ಯಾಗ ಕುಂತ್ರೂ ಅಷ್ಟರಿ. ನಾವು ಎಲ್ಲಾ ಮೋಟಾರಕ್ಕೂ ನಿಲ್ತೇವ್ರಿ."

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ. ಲಾರಿಗೂ. ಮೊನ್ನಿ ಉಳ್ಳಾಗಡ್ಡಿ ಹೇರಿದ ಲಾರಿ ಬಂದಿತ್ತು. ಅದಕ್ಕೂ ಸೆರಗ ಹೊತ್ಕೊಂಡ ನಿಂತಿದ್ವಿ."

ಅವರಿಗೆ ಅದು ಗೊತ್ತೇ ಇರಲಿಲ್ಲ. ಇಷ್ಟು ದಿನ ಮುಂದಿನ ಸೀಟಿನಲ್ಲಿ ಕುಳಿತು, ರಸ್ತೆಯ ಹೆಂಗಸರೆಲ್ಲ ತಮಗೆ ಮರ್ಯಾದೆ ಕೊಡುತ್ತಿದ್ದಾರೆ ಅಂತ ತಿಳಿದಿದ್ದರು. "ಉಳ್ಳಾಗಡ್ಡಿಗೆ," ಅಂದರು ಒಮ್ಮೆ, ತಮ್ಮಷ್ಟಕ್ಕೆ. ಮತ್ತೆ ಅಡಕತ್ತರಿ ಕೈಗೆತ್ತಿಕೊಂಡರು.

"ನಾಳಿ ನಾ ಬಾಗೇವಾಡಿಗಿ ಹೊಂಟೇನಿ," ಅಂದರು. "ಮುಂದಿನ ಸೀಟಿನ್ಯಾಗನ ಕುಂದರ್ತೇನಿ."

ಅಷ್ಟೇ. ಮಾಡಿರಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾಳೆ ನಾನು ಎದುರಿಗೇ ಇರುತ್ತೇನೆ, ನಿನಗೆ ಆಗುತ್ತದೇನು ನೋಡೋಣ ಅಂದ ಹಾಗೆ. ನಾನು ಹೋಗಿ ಉಳಿದ ರೊಟ್ಟಿ ಬಡಿದೆ.

ಮರುದಿನ ಮುಂಜಾನೆ ನೆಗೆಣ್ಣಿಯನ್ನು ಕರೆದುಕೊಂಡು ನೀರಿಗೆ ಹೊರಟೆ. ಬರಿ ಕೊಡ ನನ್ನ ಬಗಲಲ್ಲಿ, ಕೋಲು ಆಕೆಯ ಕೈಯಲ್ಲಿ. ಓಣಿಯ ಬಾಯಿಗೆ ಬಂದಾಗ ಇನ್ನೂ ಐದಾರು ಹೆಂಗಸರಿದ್ದರು. ಬೇವಿನ ಮರದ ಕಡೆ ಹಾರ್ನ್ ಕೇಳಿತು. ಅವರೆಲ್ಲ ಇದ್ದಲ್ಲೇ ತಿರುಗಿದರು. ನೆಗೆಣ್ಣಿಯ ಕೈ ಸೆರಗಿಗೆ ಹೋಯಿತು, ನಾನು ಆ ಕೈ ಹಿಡಿದೆ. ನನ್ನ ಮೈಯೂ ತಿರುಗಲು ನೋಡಿತು, ಕುತ್ತಿಗೆಯ ನರ ಎಳೆಯಿತು. ಬಿಡಲಿಲ್ಲ. ರಸ್ತೆಯ ಮೇಲೆ ಎರಡು ಹೆಜ್ಜೆ ಹೋಗಿ, ಮೋಟಾರಿನ ಕಡೆ ಮುಖ ಮಾಡಿ ನಿಂತು, ಹವಾಲ್ದಾರ ಮಾಡುತ್ತಿದ್ದ ಹಾಗೆ ಕೈ ಎತ್ತಿದೆ. ಹೊಸ ಡ್ರೈವರ್ ಬಯ್ಯುತ್ತಾ ನಿಲ್ಲಿಸಿದ. ಏನು ಬಯ್ದನೋ ಗಾಜಿನ ಒಳಗೇ ಉಳಿಯಿತು. ಅವನ ಪಕ್ಕದಲ್ಲಿ ಕೆಂಪು ರುಮಾಲು. ಮಾವನ ಮುಖವನ್ನು ಆವತ್ತು ಮೊದಲ ಸಲ ಸರಿಯಾಗಿ ನೋಡಿದೆ. ನಾನು ತಿಳಿದದ್ದಕ್ಕಿಂತ ಮುದುಕರಾಗಿದ್ದರು. ನನ್ನನ್ನು ಒಂದು ಗಳಿಗೆ ನೋಡಿ, ಮುಖವನ್ನು ಅತ್ತ ಹೊಲದ ಕಡೆ ತಿರುಗಿಸಿಕೊಂಡರು.

"ನಡಿ," ಅಂದೆ ನೆಗೆಣ್ಣಿಗೆ.

ಆಕೆ ಕೋಲು ಊರಿ ಊರಿ ದಾಟಿದಳು. ಬಹಳ ಹೊತ್ತು ಹಿಡಿಯಿತು. ಬೆನ್ನು ತಿರುಗಿಸಿ ನಿಂತಿದ್ದವರಲ್ಲಿ ಇಬ್ಬರು ಸೆರಗಿನ ಸಂದಿಯಿಂದ ನೋಡಿದರು, ಉಳಿದವರು ಅದನ್ನೂ ನೋಡಲಿಲ್ಲ. ಆಕೆ ಆಚೆ ಸೇರಿದ ಮೇಲೆ ನಾನೂ ದಾಟಿ ಕೈ ಇಳಿಸಿದೆ. ಮೋಟಾರು ಹೋಯಿತು. ಬಾವಿಗೆ ಹೋಗಿ ಹಗ್ಗ ಬಿಟ್ಟು ಕೊಡ ತುಂಬಿದೆ. ಅಂದು ನಾಲ್ಕು ಸಲ ನೀರು ತಂದೆ.